ಗರ್ಡರಿನ ತುದಿಗಿ ಬಿಟ್ಟ ಜಾಗ

ನಮ್ಮ ಮಾವ ಕಟ್ಟಿದ ಗ್ವಾಡಿಯೊಳಗ ಸೂಜಿ ಹೋಗೂದಿಲ್ಲ ಅಂತ ಕಲಬುರಗಿ ಮಂದಿ ಅಂತಿದ್ದರು. ಅದು ಬರೇ ಬಾಯಿಮಾತಲ್ಲ. ನಾ ಸಣ್ಣಾಂವ ಇದ್ದಾಗ ನಮ್ಮವ್ವನ ಸೂಜಿ ಕದ್ದೊಯ್ದು, ಶರಣಬಸವೇಶ್ವರ ಗುಡಿ ಹಾದ್ಯಾಗ ಅವ ಕಟ್ಟಿದ ಒಂದು ಗ್ವಾಡಿಗಿ ಚುಚ್ಚಿ ನೋಡೀನಿ. ಸೂಜಿ ಮುರೀತು. ಮನ್ಯಾಗ ನಮ್ಮವ್ವ ಬೆನ್ನಿಗಿ ಎರಡು ಬಿಗಿದಳು, ಮಾವ ಮಾತ್ರ ಮೀಸಿಯೊಳಗ ನಕ್ಕು ನನ್ನ ಕೈಯಾಗ ಬೆಲ್ಲ ಇಟ್ಟ.

ಅವ ನಮ್ಮವ್ವನ ಖಾಸ ಅಣ್ಣ. ನಮ್ಮಪ್ಪ ತೀರಿಕೊಂಡ ಮ್ಯಾಲ ನಮ್ಮಿಬ್ಬರನ್ನ ತನ್ನ ಮನಿಗಿ ಕರಕೊಂಡು ಬಂದು ಸಾಕಿದ, ಮುಂದ ತನ್ನ ಮಗಳನ್ನೂ ನನಗೇ ಕೊಟ್ಟ. ಅಲ್ಲೀತನಕ ನನಗ "ಲೇ" ಅಂತಿದ್ದಾಂವ, ತಲಿ ಮ್ಯಾಲ ಅಕ್ಕಿಕಾಳು ಬಿದ್ದ ಮರುದಿನದಿಂದ "ಏನ್ರೀ ಅಳಿಯಂದಿರ" ಅನ್ನಾಕ ಸುರು ಮಾಡಿದ. ಬ್ಯಾಡ ಮಾವ, ಮೈಯೆಲ್ಲಾ ಮುಳ್ಳು ಏಳತಾವ ಅಂತ ಎಷ್ಟು ಸರ್ತಿ ಹೇಳಿದರೂ ಬಿಡಲಿಲ್ಲ. ನನ್ನ ಕಾಡಸೂದು ಅಂದ್ರ ಅವನಿಗಿ ಅಷ್ಟು ಖುಷಿ.

ಗೌಂಡಿ ಕೆಲಸದೊಳಗ ಅವನ ಪದ್ಧತಿ ಒಂದಿತ್ತು. ಅವನ ಅಪ್ಪನಿಂದ ಬಂದದ್ದು. ಗ್ವಾಡಿ ಏರಿಧಂಗ ನಿಂದ್ರಲಿಕ್ಕೆ ಗಳ ಕಟ್ಟತಾರಲ್ಲ, ಆ ಗಳದ ತುದಿ ಸಿಗಿಸಲಿಕ್ಕೆ ಗ್ವಾಡಿಯೊಳಗ ತೂತು ಬಿಟ್ಟಿರತಾರ. ಕೆಲಸ ಮುಗಿಯೋ ದಿನ ಗಳ ಬಿಚ್ಚಕೋತ ಮ್ಯಾಲಿಂದ ಕೆಳಗ ಇಳೀತಾ, ಆ ತೂತು ಎಲ್ಲಾ ದೊಡ್ಡ ಗೌಂಡಿ ತನ್ನ ಕೈಯಾರೆ ಮುಚ್ಚಬೇಕು. ಬ್ಯಾರೇದವರು ಮುಟ್ಟೋ ಹಂಗಿಲ್ಲ. ಕಡೀ ತೂತು ಮುಚ್ಚಿ ಕೆಳಗ ಕಾಲು ಇಟ್ಟ ಅಂದ್ರ, ಮನಿಯೊಡತಿ ತಾಟಿನೊಳಗ ಅರಿಷಿಣ, ಬೆಲ್ಲ, ಕೊಬ್ಬರಿ ಬಟ್ಟಲ, ಒಂದು ಹೊಸಾ ಧೋತರ ಇಟಗೊಂಡು ಬಂದು ಕೊಡೂದು. ಆ ಧೋತರ ಮಾವ ಮನ್ಯಾಗ ಮಡಚಿ ಇಡತಿದ್ದ. ಮುಂದಿನ ಕಟ್ಟಡದ ಪಾಯಾ ತೆಗೆಯೋ ದಿನ ಮಡಿಕಿ ಬಿಚ್ಚಿ ಉಡತಿದ್ದ. ಒಂದು ಕೆಲಸದ ಧೋತರ ಇನ್ನೊಂದು ಕೆಲಸಕ್ಕ ಕರಕೊಂಡು ಹೋಗತದ ಅಂತ ಅವನ ನಂಬಿಕಿ. ಹಂಗ ನಡದು ನಡದು ಅವನಿಗಿ ಅರವತ್ತು ದಾಟಿತ್ತು.

ನಾ ಅವನಂಗ ಸುಣ್ಣ ಮೆತ್ತೋ ಕರಣಿ ಹಿಡೀಲಿಲ್ಲ. ಹೈದರಾಬಾದಿನಾಗ ನಾಕು ವರ್ಷ ಇದ್ದು ಕಟ್ಟಡದ ನಕ್ಷಾ ಬರಿಯೂದು, ಕಬ್ಬಿಣದ ಲೆಕ್ಕ ಹಾಕೂದು ಕಲತೆ. ವಾಪಸ್ ಬಂದು ರೋಜಾ ದರ್ಗಾದ ಹಾದ್ಯಾಗ ಒಂದು ಖೋಲಿ ಹಿಡಿದೆ. ಆಗ ನಿಜಾಮ ಸರ್ಕಾರ. ಕಲಬುರಗಿಗಿ ರೈಲಿನ್ಯಾಗ ಕಬ್ಬಿಣದ ಗರ್ಡರು ಬರಾಕ ಹತ್ತಿದ್ದವು, ಸಿಮೆಂಟು ಪೀಪಾಯಿಯೊಳಗ ಬರತಿತ್ತು. ಮರದ ತೊಲಿಗಿ ಹುಳ ಬೀಳತಾವ, ಕಬ್ಬಿಣಕ್ಕ ಬೀಳೂದಿಲ್ಲ ಅಂತ ಗಂಜ್ ಅನ್ನೋ ಕಾಳಿನ ಪ್ಯಾಟಿಯ ಅಡತಿಯವರಿಗೆಲ್ಲಾ ಹುಚ್ಚು ಹಿಡಿದಿತ್ತು. ಆದರ ಗರ್ಡರು ತಂದು ಗ್ವಾಡಿ ಮ್ಯಾಲ ಒಗದರ ಕೆಲಸ ಮುಗೀತಂತ ತಿಳದವರೇ ಬಹಳ. ನಾ ಅವರಿಗಿ ಹೇಳತಿದ್ದೆ: ನೀವು ಗರ್ಡರಿನ ಹೊಟ್ಟಿ ನೋಡತೀರಿ, ನಾ ಅದರ ಎರಡೂ ತುದಿ ನೋಡತೀನಿ. ಗರ್ಡರು ನಟ್ಟನಡುವ ಮುರದದ್ದು ನಾ ಕಂಡಿಲ್ಲ. ಕೆಡೂದೆಲ್ಲಾ ಅದು ಕೂಡೋ ಜಾಗದಾಗ, ಕುಂಡ್ರೋ ಜಾಗದಾಗ. ಇದನ್ನ ನಾ ಈಗಲೂ ಎದಿ ತಟ್ಟಿ ಹೇಳತೀನಿ. ಈ ಕೆಲಸ ನನಗ ಬರತಿತ್ತು, ಮತ್ತ ಬರತದ ಅಂತ ನನಗ ಗೊತ್ತಿತ್ತು. ಅದರ ಜೋಡಿ ಮೂಗಿನ ತುದೀಗಿ ಸಿಟ್ಟೂ ಇತ್ತು.

ಕಮಲಾಪುರದಾಗ ಒಬ್ಬ ಸಾವಕಾರ ಇದ್ದ. ತೊಗರಿ ವ್ಯಾಪಾರ, ಜೋಡಿಗೆ ಕೆಂಪು ಬಾಳೀ ತ್ವಾಟ. ಕಾಳಿನ ಚೀಲ ಇಡಲಿಕ್ಕೆ ಒಂದು ಉದ್ದನ್ನ ಕೋಠಿ ಬೇಕಾಗಿತ್ತು ಅವನಿಗಿ. ಇದು ಚೊಲೋ ಆದರ ಕಲಬುರಗಿ ಗಂಜಿನೊಳಗ ಎರಡಂತಸ್ತಿನ ದೊಡ್ಡ ಅಂಗಡಿ ಕಟ್ಟಸೂದದ, ಅದನ್ನೂ ನಿಮಗೇ ಕೊಡತೀನಿ ಅಂದ. ನಕ್ಷಾ ನಂದು, ಗ್ವಾಡಿ ಮಾವಂದು. ಮಾವ ಅಳಿಯ ಕೂಡಿ ಮಾಡಿದ ಮೊದಲನೇ ಕೆಲಸ ಅದು.

ನಾಕು ಗರ್ಡರು. ಒಂದೊಂದೂ ಎರಡು ತುಂಡು. ನಡುವ ಕಬ್ಬಿಣದ ಕಂಬದ ಮ್ಯಾಲ ಎರಡೂ ತುಂಡು ಬಂದು ಸೇರತಿದ್ದವು, ಅಲ್ಲಿ ಎರಡು ಕಡೆ ಪಟ್ಟಿ ಇಟ್ಟು ಬೋಲ್ಟ್ ಜಡದು ಒಂದೇ ಮಾಡಿದೆ. ಮ್ಯಾಲ ತಗಡು. ಮೂಡಲ ಗ್ವಾಡಿಗಿ ಸಿಮೆಂಟಿನ ಗದ್ದಿಗಿ ಎರಕ ಹೊಯ್ದು, ಅದರೊಳಗ ಬೋಲ್ಟ್ ನೆಟ್ಟು, ಗರ್ಡರಿನ ಆ ತುದಿ ಅಲ್ಲಾಡಲಾರದಂಗ ಕಟ್ಟಿಸಿದೆ. ಪಡುವಲ ಗ್ವಾಡಿಗಿ ಹಂಗ ಮಾಡಲಿಲ್ಲ. ಅಲ್ಲಿ ಸಿಮೆಂಟಿನ ಗದ್ದಿಗಿ ಮ್ಯಾಲ ಒಂದು ನುಣ್ಣನ್ನ ಕಬ್ಬಿಣದ ಹಲಗಿ ಇಟ್ಟು, ಹರಳೆಣ್ಣಿ ಸವರಿ, ಗರ್ಡರನ್ನ ಬರೇ ಕುಂಡ್ರಿಸಿದೆ. ತುದಿಯ ಹಿಂದ ಹೆಬ್ಬೆರಳು ಹಿಡಿಯೋವಷ್ಟು ಜಾಗ ಬಿಟ್ಟು, ಗ್ವಾಡಿ ಹೊರಗಿನ ತನಕ ತೂತು ಉಳಿಸಿದೆ. ಯಾಕಂದ್ರ ನಮ್ಮ ಕಡೆ ಬ್ಯಾಸಗಿಯೊಳಗ ತಗಡಿನ ಕೆಳಗಿನ ಕಬ್ಬಿಣ ಕಾದು ಉದ್ದ ಆಗತದ. ಅದಕ್ಕ ಸರಿಯಲಿಕ್ಕೆ ಜಾಗ ಬೇಕು, ಇಲ್ಲಾಂದ್ರ ಗ್ವಾಡಿ ದಬ್ಬತದ.

ಇದನ್ನ ಈಗ ನಿಮಗ ನಾಕು ಮಾತಿನ್ಯಾಗ ಹೇಳಿದೆ ನೋಡ್ರಿ. ಅವತ್ತು ಮಾವಗ ಹೇಳಲಿಲ್ಲ. ಅವ ಏಣಿ ಮ್ಯಾಲ ನಿಂತು, ಈ ತೂತು ಯಾಕ ಅಳಿಯಂದಿರ ಅಂತ ಕೇಳಿದ್ದ. ಕೆಳಗ ಆಳು ಮಂದಿ ನಿಂತಿದ್ದರು, ಸಾವಕಾರ ನಿಂತಿದ್ದ. ಗೌಂಡಿಗಿ ಲೆಕ್ಕ ಒಪ್ಪಿಸಿಗೋತ ಕುಂತರ ನಕ್ಷಾದಾಂವ ಅಂತ ನನ್ನ ಯಾರು ಲೆಕ್ಕಕ್ಕ ಹಿಡೀಬೇಕು ಅನಿಸ್ತು. ನಕ್ಷಾದಾಗ ಅದ, ಬಿಡು ಅಂದ್ರ ಬಿಡಬೇಕು ಅಂದೆ. ಮಾವ ತಲಿ ಕೆಳಗ ಹಾಕಿ ತನ್ನ ಕಲ್ಲು ಇಟಗೋತ ಹೋದ.

ಚಳಿಗಾಲ ಮುಗಿಯೋದರೊಳಗ ಕೋಠಿ ಮುಗೀತು. ಕಡೀ ಎರಡು ವಾರ ನಾ ಕಮಲಾಪುರದಾಗ ಇರಲಿಲ್ಲ, ಖೋಲ್ಯಾಗ ಕುಂತು ಗಂಜಿನ ನಕ್ಷಾ ಬರಿಯಾಕತ್ತಿದ್ದೆ. ಒಂದು ಸಂಜೀಮುಂದ ಮಾವ ಚಕ್ಕಡಿಯಿಂದ ಇಳಿದು ಬಂದ. ಕಂಕಳಾಗ ಕೆಂಪು ಬಾಳೀಹಣ್ಣಿನ ಗೊನಿ, ಹೆಗಲ ಮ್ಯಾಲ ಕೆಂಪು ಅಂಚಿನ ಹೊಸಾ ಧೋತರ. ಕೆಲಸ ಚೊಲೋ ಮುಗೀತು, ಸಾವಕಾರರ ಹೆಂಡತಿ ಅವ್ವನವರು ತಾಟು ಕೊಟ್ಟರು ಅಂದ. ಧೋತರ ಪೆಟಿಗಿಯೊಳಗ ಹೋತು, ಗಂಜಿನ ಪಾಯಾದ ದಿನಕ್ಕಂತ.

ಯುಗಾದಿ ದಾಟಿ ಬಿಸಿಲು ಬಲೀತು. ಗಂಜಿನ ಕೆಲಸಕ್ಕ ಬೋಲ್ಟ್, ಪಟ್ಟಿ ಆರಿಸಿ ತರಲಿಕ್ಕೆ ನಾ ಹೈದರಾಬಾದಿಗಿ ಹೋಗಿದ್ದೆ. ತಿರುಗಿ ಬಂದು ಹೊಸ್ತಿಲ ದಾಟಿದಾಗ ಮನಿ ಥಣ್ಣಗಿತ್ತು. ಗ್ವಾಡಿ ಗೂಡಿನ್ಯಾಗ ಯಾವಾಗಲೂ ಕೈಗಿ ಸಿಗೋ ಹಂಗ ಇರತಿದ್ದ ಕರಣಿ, ಗ್ವಾಡಿ ನೆಟ್ಟಗದನೋ ಅಂತ ನೋಡೋ ತೂಗುಗುಂಡು ಕಾಣಲಿಲ್ಲ. ಹೇಣ್ತೀನ ಕೇಳಿದೆ. ಅಕಿ ಅಟ್ಟದ ಕಡೆ ಕೈ ಮಾಡಿದಳು. ಆಮ್ಯಾಲ ಎಲ್ಲಾ ಹೇಳಿದಳು.

ಕಮಲಾಪುರದ ಕೋಠಿಯ ಪಡುವಲ ಗ್ವಾಡಿ ಬಿರುಕು ಬಿಟ್ಟು ಹೊರಗ ಬಾಗಿತ್ತು. ಸಾವಕಾರ ಆಳು ಕಳಿಸಿ ಮಾವನ್ನ ಕರೆಸಿದ್ದ. ಹತ್ತು ಮಂದಿ ಮುಂದ, ನಿಮಗ ವಯಸ್ಸಾತು, ಕೈ ಬಿದ್ದದ, ಗಂಜಿನ ಗ್ವಾಡಿಗಿ ಬ್ಯಾರೆ ಗೌಂಡಿ ನೋಡತೀನಿ, ನಕ್ಷಾ ಬೇಕಾದರ ನಿಮ್ಮ ಅಳಿಯಂದೇ ಇರಲಿ ಅಂದಿದ್ದ. ಮಾವ ಗುಂಡು ಇಳಿಬಿಟ್ಟು ನೋಡಿದ, ಗ್ವಾಡಿ ಖರೇನೇ ಬಾಗಿತ್ತು. ಕಲಬುರಗಿಗಿ ಬಂದು ಪೆಟಿಗಿ ತೆಗದು, ಮಡಚಿದ ಧೋತರ ಮಡಚಿದಂಗೇ ತಗೊಂಡು ಮರುದಿನ ಮತ್ತ ಚಕ್ಕಡಿ ಹತ್ತಿದ. ಕಮಲಾಪುರಕ್ಕ ಹೋಗಿ, ಅವ್ವನವರ ಕೈಯಾಗ ಅದನ್ನ ವಾಪಸ್ ಇಟ್ಟು ಬಂದ. ಆವಾಗಿಂದ ಮನಿ ಬಿಟ್ಟು ಹೊರಗ ಹೋಗಿಲ್ಲ ಅಂದಳು ಅಕಿ. ಗಂಡಸು ಸೋತು ಕುಂತದ್ದನ್ನ ಅಕಿ ಆ ಮನ್ಯಾಗ ಎಂದೂ ಕಂಡಿರಲಿಲ್ಲ.

ನನಗ ನೆತ್ತಿಗಿ ಬೆಂಕಿ ಹತ್ತಿಧಂಗ ಆತು. ಆ ಸಾವಕಾರಗ ನಾಕು ಮಾತು ಒಗದು ಬರತೀನಿ ಅಂತ ಎದ್ದೆ. ಮದಲು ಮಾವನ ಹಂತ್ಯಾಕ ಹೋದೆ. ಹಿತ್ತಲಾಗ ಹೊರಸಿನ ಮ್ಯಾಲ ಕುಂತು ಎರಡೂ ಅಂಗೈ ನೋಡಿಕೋತ ಇದ್ದ. ಬಿರುಕು ಎಲ್ಲಿ ಬಿಟ್ಟದ ಅಂತ ಕೇಳಿದೆ. ಗರ್ಡರು ಕುಂತ ಮಟ್ಟಕ್ಕ ಅಂದ. ಒಂದೇ ಕಡೇನೋ, ಉದ್ದಕ್ಕೋ ಅಂದೆ. ನಾಕೂ ಗರ್ಡರಿನ ಮುಂದ ಅಂದ. ಆಮ್ಯಾಲ ಕೇಳಿದೆ.

"ಮಾವ, ನಾ ಬಿಟ್ಟ ತೂತು ಹಂಗೇ ಅದಾವಲ್ಲ?"

"ತೂತು? ಕೆಲಸ ಮುಗಿಯೋತನಕ ಬಿಟ್ಟಿದ್ದೆ, ಕಡೀ ದಿನ ಎಲ್ಲಾ ಮುಚ್ಚೀನಲ್ಲ. ತೂತು ಬಿಟ್ಟು ತಾಟು ಹ್ಯಾಂಗ ತಗೋಬೇಕು?"

ಗಳದ ತೂತಿನ ಜೋಡಿ ನನ್ನ ನಾಕೂ ತೂತು ಅವ ಮುಚ್ಚಿದ್ದ. ಮತ್ತ ಅವನ ಮುಚ್ಚೂದು ಅಂದ್ರ ಹಂಗಿಂಗಲ್ಲ. ಗಾಣದಾಗ ಅರದ ಸುಣ್ಣ, ಕಲ್ಲಿನ ಚೂರು, ಗರ್ಡರಿನ ತುದಿಗಿ ಒತ್ತಿ ಒತ್ತಿ, ಸುತ್ತಗಿ ಹಿಡಿಯಿಂದ ಬಡದು ತುಂಬಿದ್ದ. ನನಗ ತಡೀಲಿಲ್ಲ. ಬಿಡು ಅಂದಿದ್ದೆ, ಬಿಡು ಅಂದಿದ್ದೆನೋ ಇಲ್ಲೋ ಅಂತ ಅರವತ್ತು ದಾಟಿದ ಮನಿಷಾನ ಮ್ಯಾಲ ಚೀರಿದೆ. ಮಾವನ ಮಾರಿ ಸಣ್ಣದಾತು. ಬಾಗಲಾಗ ನಿಂತ ನನ್ನ ಹೇಣ್ತಿ ಒಂದೇ ಮಾತು ಕೇಳಿದಳು.

"ಯಾಕ ಬಿಡಬೇಕು ಅಂತ ಹೇಳಿದ್ದಿರೇನ್ರೀ ಅವರಿಗಿ?"

ಅಕಿ ಕಣ್ಣಾಗ ಕಣ್ಣಿಡಲಾರದೆ ಬಾವಿ ಕಡೆ ನೋಡಿಕೋತ ನಿಂತೆ. ನನ್ನ ನಕ್ಷಾಕ್ಕ ಏನೂ ಆಗಿರಲಿಲ್ಲ. ಸಾವಕಾರ ಗಂಜಿನ ಕೆಲಸ ನನಗ ಕೊಡೂದು ಗಟ್ಟಿ. ಸುಮ್ಮನ ಇದ್ದರ ನಾ ಉಳೀತಿದ್ದೆ, ಮಾವನ ಕೈ ಮಾತ್ರ ಹೋಗತಿತ್ತು. ಸುಳ್ಳು ಯಾಕ ಹೇಳಲಿ, ಒಂದು ಗಳಿಗಿ ಆ ವಿಚಾರ ತಲ್ಯಾಗ ಬಂದು ಹೋತು. ನನ್ನ ಮ್ಯಾಲೇ ನನಗ ಹೇಸಿಕಿ ಬಂತು. ಅಟ್ಟ ಹತ್ತಿ ಕರಣಿ, ಗುಂಡು ಇಳಿಸಿ ಮಾವನ ಮುಂದ ಇಟ್ಟು, ನಾಳಿಗಿ ಕಮಲಾಪುರಕ್ಕ ಹೋಗೂಣು ಅಂದೆ. ಅವ ಮುಟ್ಟಲಿಲ್ಲ. ಆದರ ಮುಂಜಾನಿ ಚಕ್ಕಡಿ ಹತ್ತಿದ. ಕರಣಿ ನಾ ಹಿಡಕೊಂಡೆ.

ಸಾವಕಾರನ ಕಟ್ಟಿ ಮ್ಯಾಲ ನಾ ಕುಂಡ್ರಲಿಲ್ಲ. ನಿಂತೇ ಹೇಳಿದೆ. ಗ್ವಾಡಿ ಸೊಟ್ಟ ಆದದ್ದು ಗೌಂಡಿ ಕೈಯಿಂದಲ್ಲ, ಕೈ ಚೊಲೋ ಇದ್ದದ್ದಕ್ಕೇ ಆತು. ಕಚ್ಚಾ ಸುಣ್ಣ ಇದ್ದಿದ್ದರ ಗರ್ಡರು ಅದನ್ನ ಪುಡಿ ಮಾಡಿ ಜಾಗ ಮಾಡಿಕೊಳ್ಳತಿತ್ತು, ಇವರ ಸುಣ್ಣ ಪುಡಿ ಆಗಲಿಲ್ಲ, ಗರ್ಡರು ಇಡೀ ಗ್ವಾಡಿನ್ನೇ ದಬ್ಬೀತು. ಆ ಜಾಗ ಯಾಕ ಬೇಕು ಅಂತ ಇವರು ನನಗ ಕೇಳಿದ್ದರು. ನಾ ಸೊಕ್ಕಿನ್ಯಾಗ ಹೇಳಲಿಲ್ಲ. ಹತ್ತು ಮಂದಿ ಮುಂದ ನೀವು ಅವರಿಗಿ ಅಂದೀರಿ, ಈಗ ಹತ್ತು ಮಂದಿನ್ನ ಕರೀರಿ, ನನಗ ಅನ್ನರಿ ಅಂದೆ.

ಸಾವಕಾರ ಕೆಟ್ಟ ಮನಿಷಾ ಅಲ್ಲ, ಆದರ ಹಂಗೇ ನಂಬೋ ಕುಳ ಅಲ್ಲ. ಕಬ್ಬಿಣ ಉದ್ದ ಆಗತದಂದ್ರ ಬೆಳಿಯಲಿಕ್ಕೆ ಅದೇನು ಬಾಳೀ ಗಿಡ ಏನ್ರೀ ಅಂತ ನಕ್ಕ. ಸುತ್ತಲಿನವರೂ ನಕ್ಕರು. ನನಗ ಸಿಟ್ಟು ಬಂತು, ಹಲ್ಲು ಕಚ್ಚಿ ಹಿಡಕೊಂಡೆ. ಒಂದು ದಿನ ಕೊಡ್ರಿ, ತೋರಸತೀನಿ ಅಂದೆ.

ಒಂದು ಗರ್ಡರಿನ ತೂತು ಒಡೀಲಿಕ್ಕೆ ನಾ, ಒಬ್ಬ ಆಳು ಸೇರಿ ಸಂಜೀತನಕ ಬಡದೀವಿ. ಉಳಿ ಮ್ಯಾಲ ಉಳಿ ಮೊಂಡ ಆದವು. ಕೆಳಗ ನಿಂತ ಮಂದಿ ನಗೂದು ಆಗಲೇ ಕಡಿಮಿ ಆಗಿತ್ತು. ಕೈ ಬಿದ್ದಾಂವ ಮುಚ್ಚಿದ ತೂತು ಇದು, ನೋಡ್ರಪಾ ಅಂತ ನಾ ಮ್ಯಾಲಿಂದ ಒಂದೆರಡು ಸರ್ತಿ ಅಂದದ್ದು ಖರೇ. ಮಾವ ಬೇವಿನ ಗಿಡದ ಕೆಳಗ ಕುಂತು ಕೇಳಾಕತ್ತಿದ್ದ.

ಮರುದಿನ ಹೊತ್ತು ಏರೂಕಿಂತ ಮದಲು, ಕಬ್ಬಿಣ ಇನ್ನೂ ತಣ್ಣಗಿದ್ದಾಗ, ಮಾವಗ ಏಣಿ ಹತ್ತಸಿದೆ. ಬೇವಿನ ಕಡ್ಡಿ ಒಂದು ಕೊಯ್ದು ಕೊಟ್ಟು, ಗರ್ಡರಿನ ತುದಿಗೂ ತೂತಿನ ಅಂಚಿನ ಕಲ್ಲಿಗೂ ನಡುವ ಸರಿಯಾಗಿ ಕೂಡೋ ಹಂಗ ನೀನೇ ಕತ್ತರಿಸು ಅಂದೆ. ಅವ ಕತ್ತರಿಸಿ ಇಟ್ಟ. ಎರಡು ಬೆರಳಿನ್ಯಾಗ ಹಗೂರಕ ತೆಗದ, ಮತ್ತ ಇಟ್ಟ. ಸಾವಕಾರನೂ ಹತ್ತಿ ತೆಗದು, ಇಟ್ಟು ನೋಡಿದ. ಆಮ್ಯಾಲ ಎಲ್ಲಾರೂ ಜ್ವಾಳದ ರೊಟ್ಟಿ ತಿಂದು ಕುಂತೆವು. ಬಿಸಿಲು ಏರೀತು. ತಗಡು ಟಪ್ ಟಪ್ ಅನ್ನಾಕತ್ತಿತು. ಮಧ್ಯಾಹ್ನ ಊಟ ಮುಗಿದ ಮ್ಯಾಲ ಮಾವ ತಾನೇ ಎದ್ದು ಏಣಿ ಹತ್ತಿದ. ಎರಡು ಬೆರಳು ಹಾಕಿ ಕಡ್ಡಿ ಎಳದ. ಬರಲಿಲ್ಲ. ಮುಷ್ಟಿ ಹಿಡದು ಎಳದ, ಆಗಲೂ ಬರಲಿಲ್ಲ. ಕಡ್ಡಿಯ ತೊಗಟಿ ಒತ್ತಿ ರಸ ಹೊಂಟಿತ್ತು. ಮಾವ ಅಂಗೈ ಗರ್ಡರಿನ ಮ್ಯಾಲಿಟ್ಟು, ಸುಟ್ಟು, ಫಟ್ಟನ ತೆಗದುಕೊಂಡ. ಏಣಿ ಮ್ಯಾಲ ನಿಂತಲ್ಲೇ ನನ್ನ ಕಡೆ ಹೊಳ್ಳಿ ನೋಡಿದ.

"ಲೇ, ಇಷ್ಟೇ ಮಾತು ಅವತ್ತು ಹೇಳಿದ್ದರ ಏನಾಗತಿತ್ತು ನಿನಗ?"

ಲಗ್ನ ಆದಾಗಿಂದ ಅವ ನನಗ ಲೇ ಅಂದದ್ದು ಅದೇ ಮದಲು. ತಪ್ಪಾತು ಮಾವ ಅಂದೆ. ಎಲ್ಲಾರ ಮುಂದ ಅಂದೆ. ಕಣ್ಣಾಗ ನೀರು ಬಂತು, ಬಿಸಿಲಿಗಿ ಅಂತ ನಾ ಯಾರಿಗೂ ಹೇಳಲಿಲ್ಲ.

ಸಾವಕಾರ ತಾನೂ ಏಣಿ ಹತ್ತಿ ಕಡ್ಡಿ ಎಳದು ನೋಡಿದ. ಬಾಗಿದ ಗ್ವಾಡಿ ಗರ್ಡರಿನ ಮಟ್ಟದಿಂದ ಇಳಿಸಿ ಮತ್ತ ಕಟ್ಟಿ ಕೊಡ್ರಿ, ಅದರ ಕೂಲಿ ಖರ್ಚು ನಿಮ್ಮದೇ, ಗಂಜಿನ ಕೆಲಸ ಇಬ್ಬರೂ ಕೂಡೇ ಮಾಡ್ರಿ, ಆದರ ಅಲ್ಲಿ ಏನು ಬಿಡತೀರಿ, ಯಾಕ ಬಿಡತೀರಿ ಅಂತ ನನಗೂ ತಿಳಿಸಿ ಹೇಳಬೇಕು ಅಂದ. ನಾ ಒಪ್ಪಿದೆ. ಅವ್ವನವರು ಒಳಗ ಹೋಗಿ ಆ ಧೋತರ ತಂದರು. ತಗೋರಿ, ನಮ್ಮಿಂದ ತಪ್ಪು ಮಾತು ಬಂತು ಅಂದರು. ಮಾವ ಕೈ ಮುಗದ, ಕೈ ಚಾಚಲಿಲ್ಲ. ತೂತು ಮುಚ್ಚಿದ್ದಕ್ಕ ಇದನ್ನ ತಗೊಂಡಿದ್ದೆ, ಮುಚ್ಚಿದ್ದೇ ಖೋಟಿ ಆತು, ಈಗ ಯಾವ ಮಾರಿ ಇಟಗೊಂಡು ತಗೊಳ್ಳಲಿ ಅವ್ವ ಅಂದ. ಅವರು ಒತ್ತಾಯ ಮಾಡಲಿಲ್ಲ, ಒಯ್ದು ಒಳಗ ಇಟ್ಟರು.

ಕಮಲಾಪುರದ ಗ್ವಾಡಿ ಕಟ್ಟಿ ಕೊಟ್ಟೆವು. ಗಂಜಿನ ಪಾಯಾದ ದಿನ ಮಾವ ಹಳೀ ಧೋತರ ಉಟ್ಟು ಬಂದ. ನನ್ನ ಹೇಣ್ತಿ ಅದನ್ನ ಎರಡು ಸರ್ತಿ ಒಗದು ಬೆಳ್ಳಗ ಮಾಡಿದ್ದಳು, ಆದರೂ ಹಳೇದು ಹಳೇದೇ. ಕೆಲಸ ಮಾತ್ರ ಮಾವ ಮದಲಿನಂಗೇ ಮಾಡಿದ. ನಾನೂ ಬದಲಾದೆ ಅಂತ ಹೇಳಬೇಕು. ದಿನಾ ಮುಂಜಾನಿ ನಕ್ಷಾ ನೆಲದ ಮ್ಯಾಲ ಹಾಸಿ, ಇವತ್ತಿನ ಕಲ್ಲು ಯಾವ ಭಾರ ಹೊರತದ, ಈ ಬೋಲ್ಟ್ ಯಾಕ ಇಲ್ಲಿ, ಆ ತುದಿ ಯಾಕ ಸಡ್ಲ ಅಂತ ಮಾವಗ, ಆಳುಗಳಿಗಿ ಎಲ್ಲಾ ಹೇಳಿಯೇ ಕೆಲಸ ಸುರು. ಸಿಟ್ಟು ಹೋತು ಅಂತ ಅನ್ನಲಾರೆ. ಒಂದೇ ಮಾತು ಮೂರು ಸರ್ತಿ ಕೇಳಿದರ ಈಗಲೂ ಬರತದ, ಆದರ ಮೂರು ಸರ್ತಿಯೂ ಹೇಳತೀನಿ.

ಅಲ್ಲಿಯೂ ಮ್ಯಾಲಿನ ಅಂತಸ್ತಿಗಿ ತಗಡೇ, ಉದ್ದನ್ನ ಗರ್ಡರೇ. ಪಡುವಲ ಗ್ವಾಡಿಯೊಳಗ ನಾಕು ತೂತು. ಕೆಲಸ ಕಡೀಗಿ ಬಂದಧಂಗ ಮಾವ ಆ ತೂತು ನೋಡೂದು ಹೆಚ್ಚಾತು. ಊಟಕ್ಕ ಕುಂತರೂ ಅಲ್ಲೇ ನೋಡತಿದ್ದ. ನನಗ ಗೊತ್ತಿತ್ತು ಅವನ ಸಂಕಟ. ಮುಚ್ಚಿದರ ಗ್ವಾಡಿ ಹೋಗತದ. ಬಿಟ್ಟರ ಕೆಲಸ ಮುಗಿದಂಗಲ್ಲ, ತಾಟು ಮುಟ್ಟೋ ಹಂಗಿಲ್ಲ. ಈ ಗಂಟು ಬಿಚ್ಚಲಿಕ್ಕೆ ನನ್ನ ಲೆಕ್ಕದಾಗ ದಾರಿ ಇರಲಿಲ್ಲ. ಬ್ಯಾಡ ಮಾವ, ಪದ್ಧತಿ ಬಿಟ್ಟುಬಿಡು ಅನ್ನೋ ಧೈರ್ಯನೂ ಇರಲಿಲ್ಲ.

ಕಡೀ ದಿನ ಬಂತು. ಸಾವಕಾರ, ಅವ್ವನವರು ಕಮಲಾಪುರದಿಂದ ಬಂದಿದ್ದರು, ನನ್ನ ಹೇಣ್ತಿಯೂ ನೋಡಲಿಕ್ಕೆ ಬಂದಿದ್ದಳು. ಮಾವ ಮ್ಯಾಲಿಂದ ಗಳದ ತೂತು ಒಂದೊಂದೇ ಮುಚ್ಚಕೋತ ಇಳದ. ನನ್ನ ನಾಕು ತೂತಿನ ಹಂತ್ಯಾಕ ಬಂದು ನಿಂತ. ಚೀಲದೊಳಗಿಂದ ಅಂಗೈ ಅಗಲದ ಶಹಾಬಾದ ಫರಸಿ ಕಲ್ಲಿನ ನಾಕು ತುಂಡು ತೆಗದ. ಯಾವಾಗ ಕಡದು ನುಣ್ಣಗ ಮಾಡಿಕೊಂಡಿದ್ದನೋ, ನನಗೂ ಹೇಳಿರಲಿಲ್ಲ. ತೂತಿನ ಮ್ಯಾಲ ಕೆಳಗ, ಗ್ವಾಡಿ ಹೊರಮೈಗಿ ಸಣ್ಣ ಗೀರು ಮದಲೇ ಕೊರದು ಇಟ್ಟಿದ್ದ. ಆ ಗೀರಿನ್ಯಾಗ ಫರಸಿ ತುಂಡು ಬಾಜೂದಿಂದ ಸರಿಸಿದ. ಕಪಾಟಿನ ಸರಿಯೋ ಬಾಗಲದಂಗ ಅದು ಹೋಗಿ ತೂತು ಮುಚ್ಚಿ ನಿಂತಿತು. ಸುಣ್ಣ ಇಲ್ಲ, ಚೂರು ಇಲ್ಲ. ಹೊರಗಿನಿಂದ ನೋಡಿದರ ತೂತು ಇಲ್ಲ. ಒಳಗ ಗರ್ಡರಿಗಿ ಜಾಗ ಹಂಗೇ ಅದ. ಬೇಕಾದಾಗ ಸರಿಸಿ ಕೈ ಹಾಕಿ ನೋಡಬಹುದು. ಆವತ್ತಿನಿಂದ ಇವತ್ತಿನ ತನಕ ನನ್ನ ಪ್ರತಿಯೊಂದು ನಕ್ಷಾದಾಗ ಆ ಮುಚ್ಚಳ ಅದ.

ಮಾವ ನೆಲಕ್ಕ ಕಾಲಿಟ್ಟ. ಅವ್ವನವರು ತಾಟು ಹಿಡಕೊಂಡು ಬಂದರು. ಅರಿಷಿಣ, ಬೆಲ್ಲ, ಕೊಬ್ಬರಿ, ಧೋತರ. ಧೋತರ ನೋಡಿದ ಕೂಡಲೇ ನನ್ನ ಹೇಣ್ತಿ ನನ್ನ ರಟ್ಟಿ ಹಿಡದಳು. ಹೊಸಾದಲ್ಲ. ಕಮಲಾಪುರದ್ದೇ ಅದು, ಅದೇ ಕೆಂಪು ಅಂಚು, ಅದೇ ಮಡಿಕಿ. ಅವ್ವನವರು ಅದನ್ನ ಬಿಚ್ಚೇ ಇರಲಿಲ್ಲ.

ಮಾವನೂ ಗುರ್ತು ಹಿಡದ. ಕೈ ಮುಂದ ಹೋತು, ನಡುವ ನಿಂತಿತು. ನನ್ನ ಕಡೆ ಹೊಳ್ಳಿ, ಏಣಿ ಹತ್ತಿ ನೋಡಿ ಬರ್ರಿ ಅಳಿಯಂದಿರ, ಮುಚ್ಚಳ ಸರೀತಾವೇನು ಅಂದ. ಮಟಮಟ ಮಧ್ಯಾಹ್ನ. ನಾ ಹತ್ತಿದೆ. ಒಂದು, ಎರಡು, ಮೂರು, ನಾಕು, ಎಲ್ಲಾ ಒಂದೇ ಬೆರಳಿಗಿ ಸರದವು. ಒಳಗ ಕೈ ಹಾಕಿ ನೋಡಿದೆ. ಗರ್ಡರಿನ ತುದಿ ಕಾದು ಮುಂದ ಬಂದಿತ್ತು, ಆದರೂ ಇನ್ನೂ ಬೆರಳಿಡುವಷ್ಟು ಜಾಗ ಉಳದಿತ್ತು.

"ಸರೀತಾವ ಮಾವ. ಜಾಗನೂ ಅದ."

ಆಗ ಅವ ಎರಡೂ ಕೈ ಚಾಚಿ ಧೋತರ ತಗೊಂಡ. ಮುಂದಿನ ಪಾಯಾದ ದಿನದ ತನಕ ಕಾಯಲಿಲ್ಲ. ಅಲ್ಲೇ ಸುಣ್ಣದ ಕೈಲೆ ಮಡಿಕಿ ಬಿಚ್ಚಿ ಹೆಗಲಿಗಿ ಹಾಕ್ಕೊಂಡು ಮನೀ ಹಾದಿ ಹಿಡದ.